ಹಿಟ್ಟು ಬದಲಾಗಿದೆ, ನಾಯಿ ಅದೇ

‘ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮನುಷ್ಯರ ಕುರಿತೇ ಬಳಸುತ್ತೇವೆ. ಎರಡೂ ಕಡೆ ಬೇರೆ ಗತಿಯಿಲ್ಲದೆ ಕುದುರಿದ ಮದುವೆಗೋ, ರಾಜಕೀಯ ಮೈತ್ರಿಗೋ ಅದನ್ನು ಅಂಟಿಸಿ ನಗುತ್ತೇವೆ. ಒಮ್ಮೆ ಅದನ್ನು ಇದ್ದ ಹಾಗೇ ಓದಿ ನೋಡಿ. ಹಿಟ್ಟು ಹಳಸಿದೆ, ಮನೆಯವರು ತಿನ್ನುವಂತಿಲ್ಲ, ಎಸೆಯಲು ಮನಸ್ಸಿಲ್ಲ, ಹಿತ್ತಲಲ್ಲಿ ನಾಯಿ ಕಾದಿದೆ. ನಾಯಿಯ ಊಟದ ಬಗ್ಗೆ ನಮ್ಮ ಸಮಾಜಕ್ಕಿರುವ ತತ್ವವೆಲ್ಲ ಅಷ್ಟರಲ್ಲೇ ಇದೆ: ನಮಗೆ ಆಗದ್ದು, ನಮಗೆ ಹೆಚ್ಚಾದದ್ದು, ನಮ್ಮ ತಟ್ಟೆಯಲ್ಲಿ ಉಳಿದದ್ದು ನಾಯಿಯದು. ಅದು ಏನು ಹಾಕಿದರೂ ತಿನ್ನುತ್ತದೆ, ಏನು ತಿಂದರೂ ಅರಗಿಸಿಕೊಳ್ಳುತ್ತದೆ.

ಮೊದಲನೆಯ ಮಾತು ಹೆಚ್ಚುಕಡಿಮೆ ನಿಜ. ಎರಡನೆಯದು ಸುಳ್ಳು. ಈ ಸುಳ್ಳನ್ನು ನಂಬಿಕೊಂಡು ನಾವು, ಅದರಲ್ಲೂ ನಾಯಿಯನ್ನು ತುಂಬಾ ಪ್ರೀತಿಸುತ್ತೇವೆ ಎನ್ನುವವರು, ನಮ್ಮ ಕೈಯಾರೆ ಅವಕ್ಕೆ ವಿಷ ಹಾಕುತ್ತಿದ್ದೇವೆ. ವಿಷ ಎಂಬ ಪದವನ್ನು ಅಲಂಕಾರಕ್ಕೆ ಬಳಸುತ್ತಿಲ್ಲ. ಪಾಯಸದ ಒಣದ್ರಾಕ್ಷಿ, ಮಗುವಿನ ಚಾಕೊಲೆಟ್, ಕೈಚೀಲದಲ್ಲಿರುವ ಸಕ್ಕರೆರಹಿತ ಚೂಯಿಂಗ್ ಗಮ್, ಬಿರಿಯಾನಿಯ ಈರುಳ್ಳಿ ಇವೆಲ್ಲ ಪಶುವೈದ್ಯರ ವಿಷವಿಜ್ಞಾನದ ಪುಸ್ತಕಗಳಲ್ಲಿ ಇಲಿಪಾಷಾಣ, ಕೀಟನಾಶಕಗಳ ಜೊತೆಗೇ ಕೂತಿರುವ ಹೆಸರುಗಳು.

ಇಂಥದ್ದೊಂದು ನಡೆದಾಗ ನಾವಾಡುವ ಮಾತನ್ನೇ ಮೊದಲು ಗಮನಿಸೋಣ. ‘ನಾಯಿ ಕದ್ದು ತಿಂದುಬಿಟ್ಟಿತು.’ ಕದಿಯುವುದೆಂದರೆ ಇದು ನನ್ನದಲ್ಲ ಎಂಬ ಅರಿವು ಬೇಕು. ನಮ್ಮ ಊಟದ ಹೊತ್ತಿಗೆ ಮೇಜಿನ ಕೆಳಗೆ ಕೂತ ನಾಯಿಗೆ ತುತ್ತು ತುತ್ತಾಗಿ ಕೊಟ್ಟು, ಈ ಮನೆಯಲ್ಲಿ ನಮ್ಮ ತಿಂಡಿಯೆಲ್ಲ ನಿನ್ನದೂ ಹೌದು ಎಂದು ವರ್ಷಗಟ್ಟಲೆ ಕಲಿಸಿದವರು ನಾವು. ಆಮೇಲೆ ಅದು ಸೋಫಾದ ಮೇಲಿಟ್ಟ ಚಾಕೊಲೆಟ್ ಡಬ್ಬಿಗೆ ಬಾಯಿ ಹಾಕಿದರೆ ಕಳ್ಳ ಎನ್ನುತ್ತೇವೆ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಅದಕ್ಕೆ ಬೇಕಾದ ವಂಶವಾಹಿ ಅದರಲ್ಲಿ ಕೆಟ್ಟುಹೋಗಿದೆ. ನಾಯಿಗೆ ಚೆನ್ನಾಗಿ ತಿಳಿಯುತ್ತದೆ. ಅಷ್ಟು ಬಲವಾದ ಮೂಗು, ಸಿಹಿ ಬಲ್ಲ ನಾಲಗೆ, ಸಿಕ್ಕಿದ್ದನ್ನು ಕೂಡಲೇ ನುಂಗುವ ಸ್ವಭಾವ ಇರುವ ಪ್ರಾಣಿಯ ಎದುರು ಡಬ್ಬಿ ತೆರೆದಿಟ್ಟವರ ಕುರಿತು ನಮ್ಮ ಭಾಷೆಯಲ್ಲಿ ಒಂದು ಕ್ರಿಯಾಪದವೂ ಇಲ್ಲ. ಕರ್ತೃಪದ ಯಾವಾಗಲೂ ನಾಯಿಯೇ.

ಇನ್ನು ಎಲ್ಲರೂ ಹೇಳುವ ಮೊದಲ ವಾದಕ್ಕೆ ಬರುತ್ತೇನೆ. ‘ನಮ್ಮಜ್ಜಿ ಕಾಲದಿಂದಲೂ ಮನೆಯಲ್ಲಿ ಉಳಿದದ್ದನ್ನೇ ಹಾಕುತ್ತಿದ್ದೇವೆ. ಯಾವ ನಾಯಿಯೂ ಸತ್ತಿಲ್ಲ.’ ಈ ವಾದದಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಬೇಕು. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಒಂದು ಸಂಶೋಧನೆ ಪ್ರಕಟಿಸಿದರು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ, ನಾಯಿಯಲ್ಲಿ 4ರಿಂದ 30ರವರೆಗೆ ಇವೆ. ಮನುಷ್ಯ ಬೇಸಾಯ ಕಲಿತು ಕಾಳು ಬೇಯಿಸತೊಡಗಿದ ಮೇಲೆ ಅವನ ಜೊತೆಗಿದ್ದ ನಾಯಿಯ ಹೊಟ್ಟೆಯೂ ಆ ಕಾಳಿಗೆ ಒಗ್ಗಿಕೊಂಡಿತು. ರಾಗಿಮುದ್ದೆಯ ಚೂರು, ಜೋಳದ ರೊಟ್ಟಿಯ ತುಂಡು, ಮಜ್ಜಿಗೆ ಕಲಸಿದ ತಂಗಳನ್ನ ಉಂಡು ನಮ್ಮ ಹಳ್ಳಿಯ ನಾಯಿಗಳು ಬದುಕಿದ್ದು ಸುಮ್ಮನೆ ಅಲ್ಲ. ಅದರ ಹಿಂದೆ ಸಾವಿರಾರು ವರ್ಷಗಳ ಒಡನಾಟವಿದೆ.

ಆದರೆ ಅಜ್ಜಿಯ ಅಡುಗೆಮನೆಯಲ್ಲಿ ಕೋಕೋ ಪುಡಿ ಇತ್ತೇ? ಡಾರ್ಕ್ ಚಾಕೊಲೆಟ್ ಇತ್ತೇ? ಮಧುಮೇಹಿಗಳಿಗೆಂದು ಮಾಡಿದ ಸಕ್ಕರೆರಹಿತ ಬಿಸ್ಕತ್ತು, ಪೀನಟ್ ಬಟರ್, ಬಾಯಿಗೆ ತಂಪು ಕೊಡುವ ಮಿಠಾಯಿ ಇದ್ದವೇ? ಒಣದ್ರಾಕ್ಷಿ ಮನೆಗೆ ಬರುತ್ತಿದ್ದದ್ದು ಹಬ್ಬಕ್ಕೆ, ಒಂದು ಪೊಟ್ಟಣದಷ್ಟು. ಅದನ್ನು ನಾಯಿಗೆ ಹಾಕುವಷ್ಟು ಧಾರಾಳ ಯಾರಿಗೂ ಇರಲಿಲ್ಲ. ಇವತ್ತು ಅದನ್ನು ಕಿಲೋ ಲೆಕ್ಕದಲ್ಲಿ ತಂದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೇಜಿನ ಮೇಲೆ ಬಟ್ಟಲಲ್ಲಿ ಇಡುತ್ತೇವೆ. ಅಜ್ಜಿ ಹಾಕಿದ್ದು ತಂಗಳು. ನಾವು ಹಾಕುತ್ತಿರುವುದು ಸೂಪರ್ ಮಾರ್ಕೆಟ್ಟು. ಎರಡಕ್ಕೂ ‘ಉಳಿದದ್ದು’ ಎಂಬ ಒಂದೇ ಹೆಸರಿರುವುದರಿಂದ ಎರಡೂ ಒಂದೇ ಎಂದುಕೊಂಡಿದ್ದೇವೆ. ನಾಯಿಯ ಹೊಟ್ಟೆ ಕಾಳಿಗೆ ಒಗ್ಗಲು ಸಾವಿರಾರು ವರ್ಷ ಬೇಕಾಯಿತು. ನಮ್ಮ ಅಡುಗೆಮನೆ ಮೂವತ್ತು ವರ್ಷಗಳಲ್ಲಿ ಗುರುತು ಸಿಗದಂತಾಗಿದೆ.

ಒಂದೊಂದಾಗಿ ನೋಡೋಣ. ಚಾಕೊಲೆಟ್‌ನಲ್ಲಿ ಕೆಫೀನಿನ ಸೋದರಸಂಬಂಧಿಯಂಥ ಥಿಯೋಬ್ರೊಮಿನ್ ಎಂಬ ವಸ್ತುವಿದೆ. ನಮ್ಮ ದೇಹ ಅದನ್ನು ಬೇಗ ಕಳೆದುಕೊಳ್ಳುತ್ತದೆ. ನಾಯಿಯ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 17 ಗಂಟೆ ಬೇಕು. ನಾಯಿಯ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಆದಾಗ ವಾಂತಿ, ಬೇಧಿ, ಚಡಪಡಿಕೆ ಕಾಣಿಸಬಹುದು. 40–50ಕ್ಕೆ ಹೃದಯದ ಬಡಿತ ತಾಳ ತಪ್ಪುತ್ತದೆ. 60ರ ಆಸುಪಾಸಿನಲ್ಲಿ ಸೆಳವು ಬರುತ್ತದೆ. ಹಾಲಿನ ಚಾಕೊಲೆಟ್‌ನ ಒಂದು ಗ್ರಾಂನಲ್ಲಿ ಸುಮಾರು 2 ಮಿಲಿಗ್ರಾಂ ಥಿಯೋಬ್ರೊಮಿನ್ ಇದ್ದರೆ, ಕೇಕಿಗೆ ಬಳಸುವ ಕೋಕೋ ಪುಡಿಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಇರಬಹುದು.

‘ನಮ್ಮ ನಾಯಿ ಒಂದು ಚಾಕೊಲೆಟ್ ಪೂರ್ತಿ ತಿಂದಿತ್ತು, ಏನೂ ಆಗಲಿಲ್ಲ’ ಎಂಬ ಎರಡನೆಯ ವಾದಕ್ಕೆ ಈ ಲೆಕ್ಕದಲ್ಲೇ ಉತ್ತರವಿದೆ. 30 ಕಿಲೋ ತೂಗುವ ಲ್ಯಾಬ್ರಡಾರ್ 50 ಗ್ರಾಂ ಹಾಲಿನ ಚಾಕೊಲೆಟ್ ತಿಂದರೆ ಹೆಚ್ಚೇನೂ ಆಗದೆ ಹೋಗಬಹುದು. ಅಷ್ಟನ್ನೇ 5 ಕಿಲೋದ ಪೊಮೆರೇನಿಯನ್ ತಿಂದರೆ ತೊಂದರೆ ಶುರುವಾಗುವ ಮಟ್ಟ ತಲುಪಿತು. ಅದೇ ಪೊಮೆರೇನಿಯನ್ ಕೆಲವು ಚಮಚ ಕೋಕೋ ಪುಡಿ ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ. ಲ್ಯಾಬ್ರಡಾರಿನ ಮಾಲೀಕರು ಪೊಮೆರೇನಿಯನ್ ಮಾಲೀಕರಿಗೆ ‘ಏನೂ ಆಗಲ್ಲ ಬಿಡಿ’ ಎಂದು ಧೈರ್ಯ ಹೇಳುವುದು ನಮ್ಮ ಅಪಾರ್ಟ್‌ಮೆಂಟುಗಳ ದೈನಂದಿನ ವೈದ್ಯಶಾಸ್ತ್ರ. ಅನುಭವ ಎಂದರೆ ಇದೇ ಆದರೆ, ಒಂದು ಸಲ ಸಿಗ್ನಲ್ ಹಾರಿ ಬದುಕಿದವನೂ ಅನುಭವಿಯೇ.

ಕ್ಸೈಲಿಟಾಲ್‌ನದು ಇನ್ನೂ ಕೆಟ್ಟ ಕತೆ. ಸಕ್ಕರೆಯ ಬದಲು ಬಳಸುವ ಸಿಹಿ ಇದು. ಹಲ್ಲಿಗೆ ಹುಳುಕು ತರುವುದಿಲ್ಲ ಎಂದು ದಂತವೈದ್ಯರೇ ಹೊಗಳುತ್ತಾರೆ, ಮನುಷ್ಯರ ಮಟ್ಟಿಗೆ ಆ ಹೊಗಳಿಕೆ ಸರಿಯೇ. ನಾಯಿಯ ಮೇದೋಜೀರಕ ಗ್ರಂಥಿ ಮಾತ್ರ ಅದನ್ನು ನಿಜವಾದ ಸಕ್ಕರೆಯೆಂದು ತಿಳಿದು ಇನ್ಸುಲಿನ್ ಸುರಿಸುತ್ತದೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ, ಬೀಳುತ್ತದೆ. ಕಿಲೋ ತೂಕಕ್ಕೆ 0.1 ಗ್ರಾಂ ಸಾಕು. ಪ್ರಮಾಣ 0.5 ಗ್ರಾಂ ದಾಟಿದರೆ ಯಕೃತ್ತೇ ಕೈಕೊಡಬಹುದು. ಸಣ್ಣ ನಾಯಿಗೆ ಒಂದೆರಡು ಗಮ್ ತುಂಡುಗಳಲ್ಲಿ ಇಷ್ಟು ಸಿಕ್ಕಿಬಿಡುತ್ತದೆ.

ದ್ರಾಕ್ಷಿಯ ವಿಷಯ ಬಹಳ ಕಾಲ ಒಗಟಾಗಿತ್ತು. ಒಂದು ನಾಯಿ ಗೊಂಚಲು ತಿಂದು ಆರಾಮಾಗಿರುತ್ತಿತ್ತು, ಇನ್ನೊಂದು ಹಿಡಿಯಷ್ಟು ತಿಂದು ಎರಡು ಮೂರು ದಿನಗಳಲ್ಲಿ ಮೂತ್ರಪಿಂಡ ಕೆಟ್ಟು ಸಾಯುತ್ತಿತ್ತು. ಅಮೆರಿಕದ ಪಶು ವಿಷವೈದ್ಯರು 2021ರಲ್ಲಿ ಒಂದು ಸುಳಿವು ಮುಂದಿಟ್ಟರು. ಕೇಕಿಗೆ ಬಳಸುವ ‘ಕ್ರೀಮ್ ಆಫ್ ಟಾರ್ಟರ್’ ತಿಂದ ನಾಯಿಗಳಲ್ಲೂ ಅದೇ ರೀತಿಯ ಹಾನಿ ಕಂಡಿತ್ತು. ಹಾಗಾದರೆ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು. ಈ ಆಮ್ಲದ ಪ್ರಮಾಣ ತಳಿಯಿಂದ ತಳಿಗೆ, ಹಣ್ಣಿನಿಂದ ಹಣ್ಣಿಗೆ ಬೇರೆ. ಇದರ ಮುಂದಿನ ಭಾಗ ನಮ್ಮ ಮನೆಗೇ ಬಂದು ತಟ್ಟುತ್ತದೆ: ಅವರ ವರದಿಗಳಲ್ಲಿ ಹುಣಸೆಹಣ್ಣು ತಿಂದು ಮೂತ್ರಪಿಂಡ ಕೆಡಿಸಿಕೊಂಡ ನಾಯಿಗಳೂ ಇವೆ. ಹುಣಸೆಯ ಹುಳಿಯೆಂದರೆ ಬಹುಪಾಲು ಟಾರ್ಟಾರಿಕ್ ಆಮ್ಲವೇ. ವಿಜಯಪುರದ ಒಣದ್ರಾಕ್ಷಿ, ವರ್ಷಕ್ಕಾಗುವಷ್ಟು ಹುಣಸೆ ಎರಡನ್ನೂ ಮನೆಯಲ್ಲಿ ತುಂಬಿಟ್ಟುಕೊಳ್ಳುವ ನಾವು ಈ ಸಂಗತಿಯನ್ನು ಬೇರೆ ಯಾರಿಗಿಂತಲೂ ಮೊದಲು ತಿಳಿದುಕೊಳ್ಳಬೇಕಿತ್ತು. ಹುಣಸೆಯ ಡಬ್ಬಿ ಮೇಲಿನ ಕಪಾಟಿನಲ್ಲಿರಲಿ, ಹುಣಸೆ ಉಂಡೆ ಮಕ್ಕಳ ಕೈಯಲ್ಲಿದ್ದಾಗ ನಾಯಿ ದೂರವಿರಲಿ.

ಈರುಳ್ಳಿ, ನೀರುಳ್ಳಿ, ಉಳ್ಳಾಗಡ್ಡಿ: ಯಾವ ಸೀಮೆಯ ಹೆಸರಿನಿಂದ ಕರೆದರೂ ಕೆಲಸ ಒಂದೇ. ಅದರಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಪುಡಿಯಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಬೆಳ್ಳುಳ್ಳಿಯೂ ಇದೇ ಕುಲದ್ದು. ಕಿಲೋ ತೂಕಕ್ಕೆ 15–30 ಗ್ರಾಂ ಈರುಳ್ಳಿ ಹಾನಿಗೆ ಸಾಕು, ಅಂದರೆ 10 ಕಿಲೋದ ನಾಯಿಗೆ ಒಂದೆರಡು ದೊಡ್ಡ ಗಡ್ಡೆ. ದಿನಾ ಸ್ವಲ್ಪ ಸ್ವಲ್ಪ ಹಾಕಿದರೂ ಹಾನಿ ಕೂಡುತ್ತಾ ಹೋಗಬಹುದು. ಲಕ್ಷಣ ಕಾಣುವುದು ಕೆಲವು ದಿನಗಳಾದ ಮೇಲೆ: ಒಸಡು ಬಿಳುಚುತ್ತದೆ, ಮೂತ್ರ ಕೆಂಪಾಗುತ್ತದೆ, ನಾಯಿ ಮೂಲೆ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಭಾನುವಾರದ ಬಿರಿಯಾನಿಯ ನೆನಪು ಯಾರಿಗೂ ಇರುವುದಿಲ್ಲ. ‘ಏನೋ ಕಾಯಿಲೆ ಬಂದು ಸತ್ತಿತು’ ಎನ್ನುತ್ತೇವೆ. ‘ಯಾವ ನಾಯಿಯೂ ಸತ್ತಿಲ್ಲ’ ಎಂಬ ನಮ್ಮ ಹೆಮ್ಮೆ ನಿಂತಿರುವುದು ಈ ಲೆಕ್ಕವಿಡದ ಸಾವುಗಳ ಮೇಲೆ.

‘ತನಗೆ ಯಾವುದು ಒಳ್ಳೆಯದು ಎಂದು ಪ್ರಾಣಿಗೇ ಗೊತ್ತಿರುತ್ತದೆ’ ಎನ್ನುವವರೂ ಇದ್ದಾರೆ. ಪ್ರಕೃತಿಯ ಬಗೆಗಿನ ಈ ಭಕ್ತಿ ಕೇಳಲು ಚೆನ್ನಾಗಿದೆ. ನಾಯಿಯ ಯಾವ ಪೂರ್ವಜನೂ ಕೋಕೋ ಮರದ ಕೆಳಗೆ ಬೆಳೆದವನಲ್ಲ, ಕ್ಸೈಲಿಟಾಲ್ ಕಾರ್ಖಾನೆ ಕಂಡವನಲ್ಲ. ಕಾಣದ್ದರ ಬಗ್ಗೆ ಸಹಜಪ್ರಜ್ಞೆ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಗೊತ್ತಿರುವ ವಿಷಯ. ಪಶುವೈದ್ಯರಿಗೆ ಗೊತ್ತು, ತಯಾರಕರಿಗೆ ಗೊತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕ್ಸೈಲಿಟಾಲ್ ಬಗ್ಗೆ ನಾಯಿ ಸಾಕುವವರಿಗೆ ಬಹಿರಂಗ ಎಚ್ಚರಿಕೆಯನ್ನೇ ಕೊಟ್ಟಿದೆ. ಹಾಗಾದರೆ ನಮ್ಮ ಅಂಗಡಿಯ ಪೊಟ್ಟಣದ ಮೇಲೆ ಏನಿದೆ? ಪೊಟ್ಟಣದ ಮೇಲಿನ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ಕಾನೂನಿಗೆ ಸಾಕು. ಕನ್ನಡ ಇದ್ದರೆ ಇರಬಹುದು, ಇಲ್ಲದಿದ್ದರೆ ಕೇಳುವವರಿಲ್ಲ. ಆ ಇಂಗ್ಲಿಷಿನಲ್ಲೂ ಕ್ಸೈಲಿಟಾಲ್ ಎಂಬ ಹೆಸರೇ ಇರಬೇಕೆಂದಿಲ್ಲ. ‘ಸಿಹಿಕಾರಕ 967’ ಎಂಬ ಸಂಖ್ಯೆ ಇದ್ದರೂ ಆಯಿತು. ಇಂಗ್ಲಿಷ್ ಎಂ.ಎ. ಮಾಡಿದವರಿಗೂ 967 ಎಂದರೆ ಏನೆಂದು ತಿಳಿಯದು. ಇಂಥ ಸಿಹಿಗಳು ಹೆಚ್ಚಿರುವ ತಿನಿಸಿನ ಮೇಲೆ ‘ಬೇಧಿಯಾಗಬಹುದು’ ಎಂಬ ಎಚ್ಚರಿಕೆಯನ್ನು ನಮ್ಮ ನಿಯಮ ಕೇಳುತ್ತದೆ. ಮನುಷ್ಯನ ಹೊಟ್ಟೆ ಸಡಿಲವಾಗುವುದಕ್ಕೆ ಒಂದು ಸಾಲಿನ ಜಾಗವುಂಟು, ಅದೇ ಮನೆಯ ನಾಯಿ ಸಾಯುವುದಕ್ಕೆ ಒಂದು ಚಿತ್ರದ ಜಾಗವೂ ಇಲ್ಲ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ತ್ರಿಕೋನ ಹಾಕಿ ನಮ್ಮ ಮಡಿಯನ್ನು ಕಾಯುವ ಪೊಟ್ಟಣಕ್ಕೆ, ಅಡ್ಡಗೆರೆ ಎಳೆದ ಒಂದು ನಾಯಿಯ ಚಿತ್ರ ಹಾಕುವುದು ಅಷ್ಟೊಂದು ಭಾರವೇ? ಅಕ್ಷರ ಬಾರದವರೂ ಓದಬಲ್ಲ ಎಚ್ಚರಿಕೆ ಅದು.

ಅಕ್ಷರದ ಮಾತೇಕೆ ಬಂತೆಂದರೆ, ನಗರದ ಮನೆಗಳಲ್ಲಿ ನಾಯಿಗೆ ಊಟ ಹಾಕುವವರು ಬಹಳ ಸಲ ಅದರ ಮಾಲೀಕರಲ್ಲ. ಮನೆಗೆಲಸಕ್ಕೆ ಬರುವ ಹೆಂಗಸು, ಬೆಳಿಗ್ಗೆ ನಾಯಿ ಸುತ್ತಾಡಿಸುವ ಹುಡುಗ, ವಾಚ್‌ಮನ್‌ನ ಹೆಂಡತಿ. ನಾಯಿಗೆ ಏನಾದರೂ ಆದರೆ ಮೊದಲು ನಿಲ್ಲಿಸಿ ಕೇಳುವುದು ಇವರನ್ನೇ: ‘ಏನಮ್ಮಾ ಹಾಕಿದೆ ಅದಕ್ಕೆ?’ ಒಣದ್ರಾಕ್ಷಿ ನಾಯಿಗೆ ಆಗದು ಎಂದು ಅವರಿಗೆ ಯಾರು, ಯಾವಾಗ, ಯಾವ ಭಾಷೆಯಲ್ಲಿ ಹೇಳಿದ್ದರು? ಇಪ್ಪತ್ತು ಸಾವಿರದ ನಾಯಿಮರಿ ತರುವಾಗ ಬ್ರೀಡರ್ ಹತ್ತಿರ ಒಂದು ಗಂಟೆ ಮಾತಾಡಿದವರು, ಅದನ್ನು ನೋಡಿಕೊಳ್ಳುವವರ ಹತ್ತಿರ ಐದು ನಿಮಿಷ ಕೂತು ಮಾತಾಡಿರುವುದಿಲ್ಲ. ಪಾಯಸದ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅಕ್ಕರೆಯಿಂದ ನಾಯಿಗೆ ಹಾಕಿದ ಹೆಂಗಸು ಕೆಲಸ ಕಳೆದುಕೊಳ್ಳಬಹುದು. ಆ ಅಜ್ಞಾನ ಅವಳದಲ್ಲ, ಯಜಮಾನರು ಹಂಚಿಕೊಳ್ಳದೇ ಹೋದ ತಿಳಿವಳಿಕೆಯದು.

ಬೀದಿನಾಯಿಗಳ ವಿಷಯದಲ್ಲಿ ನಮ್ಮ ಗದ್ದಲ ಕೇಳುವುದೇ ಬೇಡ. 2025ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಬೀದಿನಾಯಿಗಳಿಗೆ ಕೋಳಿ-ಅನ್ನ ಹಾಕುವ ಯೋಜನೆ ಪ್ರಕಟಿಸಿದಾಗ ಊರೆಲ್ಲ ಎರಡು ಪಾಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳ ಕುರಿತು ಆದೇಶ ಕೊಟ್ಟು, ಆಮೇಲೆ ಅದನ್ನು ತಿದ್ದಿ, ಗೊತ್ತುಪಡಿಸಿದ ಜಾಗಗಳಲ್ಲೇ ಊಟ ಹಾಕಬೇಕೆಂದಾಗ ಜಗಳ ಇನ್ನೊಂದು ಸುತ್ತು ನಡೆಯಿತು. ಹಾಕಬೇಕೇ, ಬೇಡವೇ? ಎಲ್ಲಿ, ಯಾರ ದುಡ್ಡಿನಲ್ಲಿ? ಇಷ್ಟರ ಮೇಲೇ ಮಾತು. ‘ಏನನ್ನು’ ಎಂಬ ಪ್ರಶ್ನೆ ಎರಡೂ ಬಣಗಳಿಗೆ ಮುಖ್ಯವಾಗಿ ಕಾಣಲಿಲ್ಲ. ಮದುವೆ ಛತ್ರದ ಹಿಂದೆ ಬಾಳೆಎಲೆಯ ರಾಶಿ, ಹೋಟೆಲಿನ ಪಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ ಗೋಬಿ ಮಂಚೂರಿ, ಅದರೊಳಗೆ ಬೆಂದು ಗಡುಸಾದ ಕೋಳಿಮೂಳೆ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ, ಚೀಲ ಹೊಟ್ಟೆಯಲ್ಲೇ ಉಳಿಯುತ್ತದೆ. ನಾಯಿಪ್ರಿಯರು ಇದನ್ನು ಕರುಣೆ ಎನ್ನುತ್ತಾರೆ, ನಾಯಿದ್ವೇಷಿಗಳು ಉಪದ್ರವ ಎನ್ನುತ್ತಾರೆ. ನಾಯಿಯ ಕಡೆಯಿಂದ ನೋಡಿದರೆ ಇಬ್ಬರೂ ಚೀಲದ ಗಂಟು ಬಿಚ್ಚಿ ನೋಡಿದವರಲ್ಲ.

ಸಾಹಿತ್ಯದವರಾದ ನಾವೂ ಇದರಲ್ಲಿ ಸಾಚಾಗಳಲ್ಲ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆ ಎಂದದ್ದನ್ನು ಹೇಳಿ ಹೇಳಿ ಕಣ್ಣೊರೆಸಿಕೊಂಡಿದ್ದೇವೆ. ನಿಷ್ಠೆಗೆ ನಾಯಿ, ಹೊಟ್ಟೆಪಾಡಿಗೆ ನಾಯಿ, ಬೈಗುಳಕ್ಕೂ ನಾಯಿ. ನಮ್ಮ ಬರಹಗಳಲ್ಲಿ ಅದು ಹೆಚ್ಚಾಗಿ ಏನಾದರೊಂದರ ಸಂಕೇತವಾಗಿಯೇ ಬಂದಿದೆ. ತೇಜಸ್ವಿಯವರ ‘ಕಿವಿ’ಯಂತೆ ನಾಯಿ ನಾಯಿಯಾಗಿಯೇ ಓಡಾಡುವ ಬರಹಗಳು ಕಡಿಮೆ. ಸಂಕೇತಕ್ಕೆ ಹೊಟ್ಟೆ ಇರುವುದಿಲ್ಲ, ಮೂತ್ರಪಿಂಡ ಇರುವುದಿಲ್ಲ. ಪ್ರಾಣಿಯೊಂದನ್ನು ಪ್ರೀತಿಸುವುದೆಂದರೆ ಅದರ ದೇಹ ನಮ್ಮದಕ್ಕಿಂತ ಬೇರೆ ಎಂಬುದನ್ನು ಮೊದಲು ಒಪ್ಪಿಕೊಳ್ಳುವುದು. ‘ನಮ್ಮ ಮಗು ಇದ್ದ ಹಾಗೆ’ ಎಂದು ಹುಟ್ಟುಹಬ್ಬದ ಚಾಕೊಲೆಟ್ ಕೇಕನ್ನು ನಾಯಿಯ ಬಾಯಿಗಿಟ್ಟು ಫೋಟೊ ತೆಗೆಯುವ ಪ್ರೀತಿ, ನಾಯಿಯನ್ನು ನೋಡಿಯೇ ಇಲ್ಲ; ಅದು ನೋಡಿದ್ದು ತನ್ನನ್ನೇ.

ಕೊನೆಯ ಆಕ್ಷೇಪ ಗಂಭೀರವಾದದ್ದು. ‘ಮನುಷ್ಯರೇ ಹಸಿದಿರುವ ದೇಶದಲ್ಲಿ ನಾಯಿಯ ಪಥ್ಯದ ಚಿಂತೆ ಬೇಕೇ?’ ಈ ಪ್ರಶ್ನೆ ಕೇಳುವವರ ಸಿಟ್ಟನ್ನು ನಾನು ಗೌರವಿಸುತ್ತೇನೆ. ಆದರೆ ನಾನು ಕೇಳುತ್ತಿರುವುದು ನಾಯಿಗೆ ಹೆಚ್ಚು ಕೊಡಿ ಎಂದಲ್ಲ. ಆಮದು ಮಾಡಿದ ಡಬ್ಬಿ ಆಹಾರ ತನ್ನಿ ಎಂದೂ ಅಲ್ಲ. ಉಪ್ಪು-ಮಸಾಲೆ ಇಲ್ಲದ ಅನ್ನ, ಒಂದಿಷ್ಟು ಮೊಸರು, ಬೇಯಿಸಿದ ಮೊಟ್ಟೆ, ರಾಗಿ ಅಂಬಲಿ ಯಾವ ಬಡಮನೆಗೂ ಹೊರೆಯಲ್ಲ. ಕೆಲವನ್ನು ಕೊಡಬೇಡಿ ಎನ್ನುತ್ತಿದ್ದೇನೆ, ಅಷ್ಟೆ. ಕೊಡದೇ ಇರುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಒಣದ್ರಾಕ್ಷಿಯನ್ನು ನಾಯಿಯ ಬದಲು ಹಸಿದ ಮಗುವಿಗೆ ಕೊಡಿ, ಇಬ್ಬರೂ ಬದುಕುತ್ತಾರೆ.

ಆಗಿಹೋದರೆ ಮಾಡಬೇಕಾದದ್ದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲೂ ನಮ್ಮ ಮನೆಮದ್ದು ಕೊಲ್ಲುತ್ತದೆ. ವಾಂತಿ ಮಾಡಿಸಲು ನಾಯಿಯ ಬಾಯಿಗೆ ಉಪ್ಪುನೀರು ಹೊಯ್ಯಬೇಡಿ. ಉಪ್ಪು ರಕ್ತಕ್ಕೇರಿ ಮಿದುಳಿಗೆ ಪೆಟ್ಟಾಗುತ್ತದೆ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಎಣ್ಣೆ, ಹಾಲು ಕುಡಿಸಿ ವಿಷ ಇಳಿಸುವ ಪ್ರಯೋಗವೂ ಬೇಡ. ನೋವಿನಲ್ಲಿದೆ ಎಂದು ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಏನು ತಿಂದಿತು, ಎಷ್ಟು, ಯಾವಾಗ, ನಾಯಿಯ ತೂಕವೆಷ್ಟು ಎಂಬ ನಾಲ್ಕು ಸಂಗತಿಗಳ ಜೊತೆ ಪೊಟ್ಟಣದ ಚೂರನ್ನೂ ಹಿಡಿದು ಪಶುವೈದ್ಯರ ಬಳಿ ಓಡಿ. ಲಕ್ಷಣ ಕಾಣಲಿ ನೋಡೋಣ ಎಂದು ಕಾಯಬೇಡಿ. ಮೊದಲ ಒಂದೆರಡು ಗಂಟೆಯಲ್ಲಿ ವೈದ್ಯರು ಹೊಟ್ಟೆ ಖಾಲಿ ಮಾಡಿಸಿದರೆ ಬಹಳಷ್ಟು ನಾಯಿಗಳು ಉಳಿಯುತ್ತವೆ.

ನಡುರಾತ್ರಿ ಓಡುವುದಾದರೂ ಎಲ್ಲಿಗೆ ಎಂಬ ಪ್ರಶ್ನೆಗೆ ನಾಡಿನ ಬಹುಪಾಲು ಕಡೆ ಇನ್ನೂ ಉತ್ತರವಿಲ್ಲ. ಜಾನುವಾರುಗಳಿಗಾಗಿ 1962 ಎಂಬ ಸಹಾಯವಾಣಿ, ಊರೂರಿಗೆ ಹೋಗುವ ಸಂಚಾರಿ ಚಿಕಿತ್ಸಾ ವಾಹನ ಬಂದಿವೆ, ಅದು ಒಳ್ಳೆಯ ಕೆಲಸ. ಅದೇ ಸಂಖ್ಯೆಗೆ ಕರೆ ಮಾಡಿದರೆ ನಾಯಿ ಏನು ತಿಂದಿದೆ ಎಂದು ಕೇಳಿಕೊಂಡು, ಮುಂದೇನು ಮಾಡಬೇಕೆಂದು ಕನ್ನಡದಲ್ಲಿ ಹೇಳುವವರು ಹಗಲೂ ರಾತ್ರಿ ಇರಬೇಕು. ಪೊಟ್ಟಣದ ಮೇಲೆ ನಾಯಿಯ ಚಿತ್ರ, ಫೋನಿನ ಆಚೆ ಕನ್ನಡದ ದನಿ: ಸರ್ಕಾರದಿಂದ ಕೇಳಬೇಕಾದದ್ದು ಈ ಎರಡು. ಉಳಿದದ್ದು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಯಾವ ಕಾನೂನೂ ಬೇಡ, ಇವತ್ತು ರಾತ್ರಿ ಊಟವಾದ ಮೇಲೆ ತಟ್ಟೆಯನ್ನು ಹಿತ್ತಲಿಗೆ ಒಯ್ಯುವ ಮುನ್ನ ಅದರಲ್ಲಿ ಏನಿದೆ ಎಂದು ಒಮ್ಮೆ ನೋಡಿದರೆ ಸಾಕು.